ನಕ್ಷತ್ರ ನಡುಗಿತೋ, ಮಸೂರ ನಡುಗಿತೋ

1855ರಲ್ಲಿ ಮದರಾಸಿನ ವೀಕ್ಷಣಾಲಯದಿಂದ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಪತ್ರಿಕೆಗೆ ಒಂದು ಪುಟ್ಟ ಲೇಖನ ಹೋಯಿತು. ಬರೆದವರು ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ಆ ವೀಕ್ಷಣಾಲಯದ ಉಸ್ತುವಾರಿ ಅವರದು. ಉರಗಧರ ಪುಂಜದಲ್ಲಿ 70 ಎಂಬ ಸಂಖ್ಯೆ ಹೊತ್ತ ಒಂದು ಜೋಡಿ ನಕ್ಷತ್ರವಿದೆ. ಎರಡು ತಾರೆಗಳು ಒಂದನ್ನೊಂದು ಸುತ್ತಿ ಮುಗಿಸಲು ಸುಮಾರು 88 ವರ್ಷ. ಆ ಸುತ್ತಾಟ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಇರಬೇಕಾದ ಜಾಗಕ್ಕಿಂತ ಒಮ್ಮೆ ತುಸು ಆಚೆ, ಒಮ್ಮೆ ತುಸು ಈಚೆ. ಕಣ್ಣಿಗೆ ಬೀಳದ ಮೂರನೆಯದೇನೋ ಜಗ್ಗುತ್ತಿರಬೇಕು, ಅದು ಗ್ರಹವಾಗಿರುವ ಸಂಭವ ಬಹಳ ಎಂದು ಜೇಕಬ್ ಬರೆದರು. ಸಂಭವ ಎಂದರು, ಇದೆ ಎನ್ನಲಿಲ್ಲ.

ಅದೇ ಮದರಾಸು ವೀಕ್ಷಣಾಲಯದ ಪರಂಪರೆ ಮುಂದೆ ಕೊಡೈಕೆನಾಲ್ ಬೆಟ್ಟ ಹತ್ತಿ, ಕೊನೆಗೆ ಬೆಂಗಳೂರಿನ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಗಿ ನಿಂತಿದೆ. ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಕ್ಕೂ ಗ್ರಹವಿದೆ ಎಂಬ ಬಲು ಹಳೆಯ ವಾದಗಳಲ್ಲೊಂದು ನಮ್ಮ ಮಗ್ಗುಲಿನಿಂದಲೇ ಹೊರಟದ್ದು ಎಂದು ನಾವು ಬೀಗಬಹುದಿತ್ತು, ಅಲ್ಲೊಂದು ಗ್ರಹ ನಿಜಕ್ಕೂ ಇದ್ದಿದ್ದರೆ. ಇರಲಿಲ್ಲ.

ನಲವತ್ತು ವರ್ಷದ ತರುವಾಯ ಅಮೆರಿಕದ ಟಿ.ಜೆ.ಜೆ. ಸೀ ಎಂಬ ಖಗೋಳಜ್ಞ ಅದೇ ನಕ್ಷತ್ರದಲ್ಲಿ ಅದೇ ಬಗೆಯ ಕಾಣದ ಸಂಗಾತಿಯನ್ನು ಕಂಡರು. ಈ ಸಲ ಸಂಭವದ ಮಾತಿರಲಿಲ್ಲ. 1899ರಲ್ಲಿ ಫಾರೆಸ್ಟ್ ರೇ ಮೌಲ್ಟನ್ ಎಂಬ ತರುಣ, ಸೀ ಹೇಳಿದ ಕಕ್ಷೆಯಲ್ಲಿ ಅಂಥ ಕಾಯ ಉಳಿಯಲಾರದು, ಜೋಡಿ ತಾರೆಗಳ ಎಳೆದಾಟಕ್ಕೆ ಸಿಕ್ಕಿ ದಿಕ್ಕೆಟ್ಟು ಹೋಗುತ್ತದೆ ಎಂದು ಗಣಿತದಿಂದ ತೋರಿಸಿದರು. ಸೀ ಸಿಡಿದೆದ್ದು ಬರೆದ ಪತ್ರ ಎಷ್ಟು ಖಾರವಾಗಿತ್ತೆಂದರೆ, ಅಸ್ಟ್ರಾನಾಮಿಕಲ್ ಜರ್ನಲ್ ಇನ್ನು ಮುಂದೆ ತನ್ನ ಪುಟಗಳಲ್ಲಿ ಅವರಿಗೆ ಜಾಗವಿಲ್ಲ ಎಂಬಂತೆ ಬಾಗಿಲು ಹಾಕಿಕೊಂಡಿತು. ಒಂದೇ ನಕ್ಷತ್ರ, ಹೆಚ್ಚುಕಡಿಮೆ ಒಂದೇ ತಪ್ಪು. ಜೇಕಬ್ಬರ ಹೆಸರನ್ನು ಇವತ್ತಿಗೂ ಗೌರವದಿಂದಲೇ ಹೇಳುತ್ತಾರೆ. ಸೀ ಅವರ ಹೆಸರು ಬಂದರೆ ಖಗೋಳಜ್ಞರು ನಕ್ಕು ಮಾತು ಬದಲಿಸುತ್ತಾರೆ.

ಬೇರೆ ನಕ್ಷತ್ರಗಳನ್ನು ಸುತ್ತುವ ಹೊರಗ್ರಹಗಳ ಪಟ್ಟಿ 2025ರಲ್ಲಿ 6000 ದಾಟಿತು. ಆ ಚರಿತ್ರೆಯನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಸಿಕ್ಕಿದ ಗ್ರಹಗಳಿಗಿಂತ ಸಿಕ್ಕಂತಾಗಿ ಕೈಬಿಟ್ಟುಹೋದವು. ಅವುಗಳ ಎದುರಿಗೆ ನಿಂತಾಗ ಮನುಷ್ಯರು ಏನು ಮಾಡಿದರು ಎಂಬುದರಲ್ಲಿ ನಮ್ಮಂಥವರಿಗೂ ಯೋಚಿಸಲು ಸಾಕಷ್ಟು ಸಾಮಗ್ರಿಯಿದೆ.

ಮೊದಲು ಕಷ್ಟ ಯಾವುದೆಂದು ತಿಳಿಯಬೇಕು. ಆ ಪಟ್ಟಿಯ ಬಹುಪಾಲು ಗ್ರಹಗಳನ್ನು ಯಾರೂ ನೋಡಿಲ್ಲ. ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವ ಅಪ್ಪ ತಾನೂ ಕೊಂಚ ಹಿಂದಕ್ಕೆ ವಾಲಿಕೊಂಡೇ ತಿರುಗುತ್ತಾನಲ್ಲ, ಗ್ರಹವನ್ನು ತಿರುಗಿಸುವ ನಕ್ಷತ್ರವೂ ಹಾಗೆಯೇ ವಾಲಾಡುತ್ತದೆ. ಗ್ರಹವನ್ನು ನೋಡದೆಯೇ ಹಿಡಿಯುವ ದಾರಿಗಳಲ್ಲಿ ಆ ವಾಲಾಟವೂ ಒಂದು. ಗುರುಗ್ರಹದಂಥ ದೈತ್ಯ ನಮ್ಮ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ 12 ಮೀಟರಿನಷ್ಟು, ಅದೂ ಹನ್ನೆರಡು ವರ್ಷಕ್ಕೆ ಒಂದು ಸುತ್ತು. ಭೂಮಿಯ ಪಾಲು ಬರೀ 9 ಸೆಂಟಿಮೀಟರ್. ಇದನ್ನು ಅಳೆಯಲು ಹೊರಟವರು ನಿಂತಿರುವ ನೆಲವೋ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಉಪಕರಣ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ನಕ್ಷತ್ರದ ಮೈ ಸದಾ ಕುದಿಯುತ್ತಿರುತ್ತದೆ, ಅದರ ಮೇಲೆ ಕಲೆಗಳು ಮೂಡಿ ಮಾಯವಾಗುತ್ತವೆ. ಇವುಗಳಲ್ಲಿ ಯಾವುದು ಬೇಕಾದರೂ ಗ್ರಹದ ವೇಷ ಹಾಕಿಕೊಂಡು ಬರಬಹುದು. ಕಾಗದದ ಮೇಲೆ ಬರುವ ಅಲೆ ಒಂದೇ ಥರ.

ಪೀಟರ್ ವಾನ್ ಡಿ ಕ್ಯಾಂಪ್ ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯದ ನಿರ್ದೇಶಕರಾಗಿ 24 ಇಂಚಿನ ಮಸೂರ ದೂರದರ್ಶಕದ ಮುಂದೆ ಜೀವಮಾನ ಕಳೆದರು. ಸಂಗೀತಗಾರ ಕೂಡ, ಕಾಲೇಜಿನಲ್ಲಿ ಚಾಪ್ಲಿನ್ನನ ಮೂಕಿ ಚಿತ್ರ ಹಾಕಿದರೆ ಪಕ್ಕದಲ್ಲಿ ಕೂತು ಪಿಯಾನೊ ನುಡಿಸುತ್ತಿದ್ದರು. 1930ರ ದಶಕದ ಕೊನೆಯಿಂದ ಅವರು ಬರ್ನಾರ್ಡನ ತಾರೆಯ ಬೆನ್ನು ಹತ್ತಿದರು. ಇದೂ ಉರಗಧರ ಪುಂಜದ್ದೇ, ಜೇಕಬ್ ನೋಡಿದ ಜೋಡಿಗೆ ಆಕಾಶದಲ್ಲಿ ನೆರೆಮನೆ. ನಮ್ಮಿಂದ ಆರು ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೆ ಕಾಣದಷ್ಟು ಮಂಕು. ಆಕಾಶದ ಹಿನ್ನೆಲೆಯ ಮೇಲೆ ಇದರಷ್ಟು ಬೇಗ ಜಾಗ ಬದಲಿಸುವ ನಕ್ಷತ್ರ ಇನ್ನೊಂದಿಲ್ಲ, ಸುಮಾರು 180 ವರ್ಷಕ್ಕೆ ಒಂದು ಚಂದ್ರಬಿಂಬದ ಅಗಲ. ಆ ಓಟ ನೇರ ಗೆರೆಯಲ್ಲಿದೆಯೋ, ಅಲೆಅಲೆಯಾಗಿದೆಯೋ ಎಂಬುದು ವಾನ್ ಡಿ ಕ್ಯಾಂಪರ ಪ್ರಶ್ನೆ.

ವರ್ಷದಿಂದ ವರ್ಷಕ್ಕೆ ಗಾಜಿನ ಫಲಕಗಳ ಮೇಲೆ ತಾರೆಯ ಚಿತ್ರ ಹಿಡಿದರು. ಎರಡು ಸಾವಿರಕ್ಕೂ ಹೆಚ್ಚು ಫಲಕಗಳಾದವು. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಪ್ಪು ಚುಕ್ಕೆಯ ನಡುಮಧ್ಯ ಎಲ್ಲಿದೆ ಎಂದು ಕಣ್ಣಿನಿಂದ ಅಳೆಯಬೇಕು. ಅವರು ಹುಡುಕುತ್ತಿದ್ದ ಅಲೆಯ ಎತ್ತರ ಫಲಕದ ಮೇಲೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಒಬ್ಬರ ಕಣ್ಣು ಮೋಸ ಮಾಡಬಹುದೆಂದು ಒಂದೇ ಫಲಕವನ್ನು ಹಲವರಿಂದ ಅಳೆಸುತ್ತಿದ್ದರು. ಇಷ್ಟು ಜಾಗರೂಕ ಮನುಷ್ಯ. 1963ರಲ್ಲಿ ಘೋಷಿಸಿದರು: ಗುರುವಿಗಿಂತ ಒಂದೂವರೆ ಪಟ್ಟು ಹೆಚ್ಚು ದ್ರವ್ಯರಾಶಿಯ ಗ್ರಹ, 24 ವರ್ಷಕ್ಕೊಂದು ಸುತ್ತು. 1969ರಲ್ಲಿ ಲೆಕ್ಕ ತಿದ್ದಿ ಎರಡು ಗ್ರಹ ಎಂದರು. ಪಠ್ಯಪುಸ್ತಕಗಳು ಒಪ್ಪಿಕೊಂಡವು. ಬ್ರಿಟನ್ನಿನ ಉತ್ಸಾಹಿ ಎಂಜಿನಿಯರುಗಳು ಡೀಡಲಸ್ ಎಂಬ ಹೆಸರಿನ ನಕ್ಷತ್ರನೌಕೆಯನ್ನು ಕಾಗದದ ಮೇಲೆ ಕಟ್ಟಿ, ಹೋಗಬೇಕಾದ ಊರು ಬರ್ನಾರ್ಡನ ತಾರೆ ಎಂದೇ ಗೊತ್ತುಮಾಡಿದರು.

1973ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಕ್‌ಹಾರ್ನ್ ಬೇರೆ ವೀಕ್ಷಣಾಲಯಗಳ ಫಲಕಗಳನ್ನು ಅಳೆದು ನೋಡಿದರೆ ಅಲೆಯೇ ಇಲ್ಲ. ಎರಡನೆಯ ಪೆಟ್ಟು ಸ್ಪ್ರೌಲ್‌ನ ಒಳಗಿನಿಂದಲೇ ಬಂತು. ಜಾನ್ ಹರ್ಷೆ ಅದೇ ದೂರದರ್ಶಕದಿಂದ ತೆಗೆದ ಬೇರೊಂದು ನಕ್ಷತ್ರದ ಫಲಕಗಳನ್ನು ಪರಿಶೀಲಿಸಿದಾಗ, ಆ ನಕ್ಷತ್ರವೂ ಬರ್ನಾರ್ಡನ ತಾರೆ ಜಿಗಿದ ಕಾಲಕ್ಕೇ ಜಿಗಿದಿತ್ತು. ಆಕಾಶದ ಎರಡು ಮೂಲೆಯ ನಕ್ಷತ್ರಗಳು ಮಾತಾಡಿಕೊಂಡು ಒಟ್ಟಿಗೆ ಜಿಗಿಯುವುದುಂಟೆ? ಜಿಗಿದದ್ದು 1949ರಲ್ಲಿ, ಮಸೂರವನ್ನು ಹಿಡಿದಿಡುವ ಲೋಹದ ಚೌಕಟ್ಟನ್ನು ಬದಲಿಸಿದಾಗ. ಮತ್ತೆ 1957ರಲ್ಲಿ, ಮಸೂರವನ್ನು ಸರಿಪಡಿಸಿದಾಗ.

ವಾನ್ ಡಿ ಕ್ಯಾಂಪ್ ಒಪ್ಪಲಿಲ್ಲ. ನಿವೃತ್ತಿಯಾಗಿ ಆಮ್‌ಸ್ಟರ್‌ಡ್ಯಾಮಿಗೆ ಮರಳಿದ ಮೇಲೂ ಲೇಖನ ಬರೆದು ತಮ್ಮ ಗ್ರಹಗಳನ್ನು ಸಮರ್ಥಿಸಿಕೊಂಡರು. ತಮ್ಮ ಉತ್ತರಾಧಿಕಾರಿಯೊಂದಿಗೆ ಮನಸ್ಸು ಮುರಿಯಿತು. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಆಡಿಕೊಳ್ಳುವುದು ಸುಲಭ, ನನಗೆ ಮನಸ್ಸು ಬರುವುದಿಲ್ಲ. ಈ ಮನುಷ್ಯ ಸುಳ್ಳುಗಾರನಲ್ಲ, ಸೋಮಾರಿಯಲ್ಲ, ಪ್ರಚಾರದ ಹಿಂದೆ ಬಿದ್ದವನೂ ಅಲ್ಲ. ಅವರ ಕೈ ಕಟ್ಟಿಹಾಕಿದ್ದು ಶ್ರದ್ಧೆಯೇ. ಮೂವತ್ತು ವರ್ಷ ಚಳಿಯಲ್ಲಿ ಕೂತು ಕೂಡಿಸಿದ ಗಂಟನ್ನು, ಮೊನ್ನೆ ಬಂದವನೊಬ್ಬ ಇದರಲ್ಲಿ ಚಿನ್ನವಿಲ್ಲ ಎಂದರೆ ಬಿಚ್ಚಿ ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ದುಡಿಮೆ ಹೆಚ್ಚಾದಷ್ಟೂ ಫಲದ ಮೇಲೆ ಹಕ್ಕು ಹುಟ್ಟುತ್ತದೆ. ಹಾಗೆ ಹಕ್ಕು ಹುಟ್ಟಿದ ಗ್ರಹ ಆಕಾಶದಿಂದ ಇಳಿದು ಬಂದು ನಮ್ಮ ಮನೆಯದಾಗುತ್ತದೆ, ಆಮೇಲೆ ಅದನ್ನು ಪ್ರಶ್ನಿಸಿದವರು ಮನೆ ಒಡೆಯಲು ಬಂದವರಂತೆ ಕಾಣುತ್ತಾರೆ. ತಮ್ಮ ಕಣ್ಣನ್ನು ನಂಬದೆ ಹಲವರಿಂದ ಅಳೆಸಿದವರು ತಮ್ಮ ಮಸೂರವನ್ನು ಮಾತ್ರ ಅನುಮಾನಿಸಲಿಲ್ಲ.

ಗೇಟ್‌ವುಡ್ ಅವರ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಬೇರೆಯವರ ತಪ್ಪನ್ನು ಅಷ್ಟು ಚೊಕ್ಕವಾಗಿ ಹಿಡಿದ ಅವರೇ 1996ರಲ್ಲಿ ಲಾಲಾಂದ್ 21185 ಎಂಬ ನಕ್ಷತ್ರಕ್ಕೆ ಗ್ರಹಗಳಿವೆ ಎಂದು ಪ್ರಕಟಿಸಿದರು. ಅವರು ಹೇಳಿದ ಗ್ರಹಗಳು ದೃಢಪಡಲೇ ಇಲ್ಲ.

ಇನ್ನು ಆಂಡ್ರೂ ಲೈನ್. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೊ ವೀಕ್ಷಣಾಲಯದವರು. 1991ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರೂ ಸಂಗಡಿಗರೂ ಒಂದು ಪಲ್ಸಾರಿನ ಸುತ್ತ ಗ್ರಹವಿದೆ ಎಂದು ಪ್ರಕಟಿಸಿದರು. ಪಲ್ಸಾರ್ ಎಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು. ಗಿರಗಿರ ತಿರುಗುತ್ತ ಗಡಿಯಾರದಷ್ಟು ನಿಯತವಾಗಿ ರೇಡಿಯೊ ಮಿಡಿತ ಕಳಿಸುತ್ತದೆ. ಮಿಡಿತ ತುಸು ಬೇಗ, ತುಸು ತಡವಾಗಿ ಬಂದರೆ ಪಲ್ಸಾರನ್ನು ಏನೋ ಆಚೀಚೆ ಎಳೆಯುತ್ತಿದೆ ಎಂದರ್ಥ. ಲೈನ್ ಕಂಡ ಎಳೆತದ ಅವಧಿ ಆರು ತಿಂಗಳು. ಭೂಮಿಯ ವರ್ಷದ ನೇರ ಅರ್ಧ. ಈ ಆರು ತಿಂಗಳು ಅವರನ್ನೂ ಕಾಡಿತ್ತು. ಪರೀಕ್ಷಿಸಿ ನೋಡಿ, ಸರಿಯಿದೆ ಎನ್ನಿಸಿದ ಮೇಲೆಯೇ ಪ್ರಕಟಿಸಿದ್ದರು. ಸುದ್ದಿ ಜಗತ್ತೆಲ್ಲ ಓಡಿತು. 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ನಡೆಯುವ ಅಮೆರಿಕನ್ ಅಸ್ಟ್ರಾನಾಮಿಕಲ್ ಸೊಸೈಟಿಯ ಸಭೆಯಲ್ಲಿ ಮಾತಾಡಲು ಕರೆ ಬಂತು.

ಸಭೆಗೆ ಕೆಲವೇ ದಿನ ಇರುವಾಗ ಲೈನ್ ಮತ್ತೆ ಲೆಕ್ಕ ನೋಡಿದರು. ಪಲ್ಸಾರಿನ ಆಕಾಶಸ್ಥಾನವನ್ನು ಮೊದಲು ತುಸು ತಪ್ಪಾಗಿ ಹಿಡಿದಿದ್ದರು; ಭೂಮಿಯ ಚಲನೆಯನ್ನು ಕಳೆಯುವಾಗ ಅದರ ಕಕ್ಷೆ ಸಣ್ಣದಾಗಿ ಮೊಟ್ಟೆಯಾಕಾರ ಎಂಬುದಕ್ಕೆ ಸರಿಯಾದ ಲೆಕ್ಕ ಕೊಟ್ಟಿರಲಿಲ್ಲ. ಎರಡೂ ಸೇರಿ ಆರು ತಿಂಗಳ ಒಂದು ಸುಳ್ಳು ಅಲೆ ಎದ್ದಿತ್ತು. ಸ್ಥಾನ ತಿದ್ದಿ ಲೆಕ್ಕ ಹಾಕಿದರು, ಗ್ರಹ ಅಳಿಸಿಹೋಯಿತು. ಸಾವಿರಾರು ಜ್ಯೋತಿರ್ವರ್ಷದಾಚೆ ಅವರು ಕಂಡದ್ದು ತಮ್ಮ ಕಾಲ ಕೆಳಗಿನ ಭೂಮಿಯನ್ನೇ.

ಹೋಗದೆ ಇರಬಹುದಿತ್ತು. ಮೈ ಸರಿಯಿಲ್ಲ ಎನ್ನಬಹುದಿತ್ತು. ಪತ್ರಿಕೆಗೆ ಎರಡು ಸಾಲಿನ ತಿದ್ದುಪಡಿ ಕಳಿಸಿ ಸುಮ್ಮನಾಗಬಹುದಿತ್ತು. ಅಟ್ಲಾಂಟಾದ ತುಂಬಿದ ಸಭೆಯಲ್ಲಿ ಲೈನ್ ಎದ್ದು ನಿಂತು, ಗ್ರಹ ಇಲ್ಲ, ತಪ್ಪು ನಮ್ಮದು, ತಪ್ಪಾದದ್ದು ಇಂಥಲ್ಲಿ ಎಂದು ಬಿಡಿಸಿ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ಬೆನ್ನಿಗೇ ಮಾತಾಡಬೇಕಿದ್ದವರು ಪೋಲೆಂಡಿನ ಅಲೆಕ್ಸಾಂಡರ್ ವೋಲ್ಶ್‌ಚಾನ್, ಮತ್ತೊಂದು ಪಲ್ಸಾರಿನ ಸುತ್ತ ಎರಡು ಗ್ರಹಗಳನ್ನು ಕಂಡವರು. ಗ್ರಹವೊಂದು ಈಗಷ್ಟೇ ಸತ್ತ ವೇದಿಕೆಯಲ್ಲಿ ನಿಂತು ನನ್ನವು ಬದುಕಿವೆ ಎನ್ನುವುದು ಸುಲಭದ ಕೆಲಸವಲ್ಲ. ಆದರೆ ವೋಲ್ಶ್‌ಚಾನರ ಜೊತೆಗಾರ ಡೇಲ್ ಫ್ರೈಲ್, ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇ ರೇಡಿಯೊ ದೂರದರ್ಶಕದಿಂದ ಆ ಪಲ್ಸಾರಿನ ಸ್ಥಾನವನ್ನು ಬಲು ನಿಖರವಾಗಿ ಅಳೆದುಕೊಟ್ಟಿದ್ದರು. ಲೈನ್ ಜಾರಿದ ಮೆಟ್ಟಿಲು ಇಲ್ಲಿ ಗಟ್ಟಿಯಾಗಿತ್ತು. ಅವಧಿಗಳೂ ಭೂಮಿಯ ವರ್ಷಕ್ಕೆ ತಾಳೆಯಾಗುವಂಥವಲ್ಲ, ಸುಮಾರು 66 ಮತ್ತು 98 ದಿನ. ಆ ಎರಡು ಗ್ರಹಗಳು ನಿಂತವು. ಸೂರ್ಯನ ಆಚೆಯ ಗ್ರಹಗಳಲ್ಲಿ ಮೊದಲು ದೃಢಪಟ್ಟವು ಅವೇ.

ಆ ಚಪ್ಪಾಳೆಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅದು ಸಲ್ಲಬೇಕಾದ್ದೇ. ಆದರೆ ಕತೆಯನ್ನು ಅಲ್ಲಿಗೆ ನಿಲ್ಲಿಸಿದರೆ ಪ್ರಾಮಾಣಿಕತೆಗೆ ಯಾವಾಗಲೂ ಸಭೆ ಎದ್ದು ನಿಲ್ಲುತ್ತದೆ ಎಂಬ ಭ್ರಮೆ ಬರುತ್ತದೆ. ಲೈನ್ ಆಗಲೇ ಹೆಸರಾದ ವಿಜ್ಞಾನಿ, ನೌಕರಿಗೆ ಕುತ್ತಿರಲಿಲ್ಲ, ಬೆನ್ನಿಗೆ ದೊಡ್ಡ ವೀಕ್ಷಣಾಲಯವಿತ್ತು. ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್ ಅವರಿಗೆ ಇದು ಯಾವುದೂ ಇರಲಿಲ್ಲ.

ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್ ಮತ್ತು ಸ್ಟೀಫನ್ಸನ್ ಯಾಂಗ್ 1980ರ ಸುಮಾರಿಗೆ ಹವಾಯಿಯ ಮೌನಾ ಕೇಯಾ ಶಿಖರದ ಮೇಲೆ ಕೆಲಸ ಶುರುಮಾಡಿದರು. ನಕ್ಷತ್ರದ ಬೆಳಕು, ಅದನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತಮಾಪಕಕ್ಕೆ ಬೀಳುವ ಮುನ್ನ ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಕೊಳವೆಯೊಂದನ್ನು ದಾಟಿಸುವುದು ಅವರ ಉಪಾಯ. ಆ ಅನಿಲ ತನ್ನದೇ ಕಪ್ಪು ಗೆರೆಗಳನ್ನು ಬೆಳಕಿನ ಮೇಲೆ ಒತ್ತುತ್ತದೆ, ಅದೇ ಅಳತೆಪಟ್ಟಿ. ಉಪಕರಣ ಅಲುಗಿದರೆ ನಕ್ಷತ್ರದ ಗೆರೆಯೂ ಅನಿಲದ ಗೆರೆಯೂ ಜೊತೆಯಲ್ಲೇ ಅಲುಗುತ್ತವೆ, ನಕ್ಷತ್ರದ ಗೆರೆ ಮಾತ್ರ ಸರಿದರೆ ಅಲುಗಿದ್ದು ನಕ್ಷತ್ರ. ವಾನ್ ಡಿ ಕ್ಯಾಂಪರಿಗೆ ಬೇಕಿದ್ದದ್ದು ಇಂಥದೊಂದು ಸಾಕ್ಷಿ. ಆದರೆ ಈ ಅನಿಲ ಗಾಜನ್ನೇ ತಿನ್ನುತ್ತದೆ, ಮೂಳೆಗೂ ಇಳಿಯುವ ವಿಷ, ಅದನ್ನು 100 ಡಿಗ್ರಿಗೆ ಕಾಯಿಸಬೇಕು, ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಅಂಥ ಕೊಳವೆ ಇಟ್ಟುಕೊಂಡು ಹನ್ನೆರಡು ವರ್ಷ ಇಪ್ಪತ್ತಕ್ಕೂ ಹೆಚ್ಚು ನಕ್ಷತ್ರಗಳನ್ನು ಕಾದರು.

1988ರಲ್ಲಿ ಗಾಮಾ ಸೆಫೀ ಎಂಬ ನಕ್ಷತ್ರದಲ್ಲಿ ಗ್ರಹದ ಸುಳಿವಿದೆ ಎಂದು ಬರೆದರು, ಜೇಕಬ್ಬರಂತೆಯೇ ಹಿಂಜರಿಯುತ್ತ. ಆಮೇಲೆ ಅನುಮಾನ ಬೆಳೆಯಿತು. ನಕ್ಷತ್ರದ ಮೇಲ್ಮೈಯ ಚಟುವಟಿಕೆ ಸೂಚಿಸುವ ಒಂದು ಗೆರೆಯೂ ಎರಡೂವರೆ ವರ್ಷದ ಅದೇ ಲಯದಲ್ಲಿ ಏರಿಳಿದಂತೆ ಕಂಡಿತು. ಹಾಗಾದರೆ ಇದು ಗ್ರಹವಲ್ಲ, ನಕ್ಷತ್ರ ತನ್ನಷ್ಟಕ್ಕೆ ತಿರುಗುವಾಗ ಮಾಡುವ ಆಟ ಇರಬೇಕು. 1992ರಲ್ಲಿ ಹಿಂದೆ ಸರಿದರು. ಕಾಯಂ ಹುದ್ದೆ ಸಿಗದ ಕ್ಯಾಂಪ್‌ಬೆಲ್ ಅಷ್ಟರಲ್ಲಿ ಖಗೋಳವಿಜ್ಞಾನವನ್ನೇ ಬಿಟ್ಟು ತೆರಿಗೆ ಸಲಹೆಗಾರರಾಗಿದ್ದರು. ವಾಕರ್ 1995ರ ಆಗಸ್ಟಿನಲ್ಲಿ, ನಾವು ನೋಡಿದ ನಕ್ಷತ್ರಗಳಲ್ಲಿ ಗುರುವಿನಂಥ ಗ್ರಹಗಳಿಲ್ಲ ಎಂಬ ವರದಿ ಪ್ರಕಟಿಸಿ ಕಡತ ಮುಚ್ಚಿದರು. ಎರಡು ತಿಂಗಳಿಗೆ, ಗುರುವಿನಂಥ ಗ್ರಹವೊಂದು ಸಿಕ್ಕಿತೆಂಬ ಸ್ವಿಟ್ಜರ್ಲೆಂಡಿನವರ ಘೋಷಣೆ ಬಂತು. 2003ರಲ್ಲಿ ಆರ್ಟೀ ಹ್ಯಾಟ್ಜಸ್ ಮತ್ತಿತರರು ಇನ್ನೂ ಹೆಚ್ಚಿನ ವೀಕ್ಷಣೆಗಳನ್ನು ಸೇರಿಸಿ ನೋಡಿದಾಗ ಗಾಮಾ ಸೆಫೀಯ ಸುತ್ತ ಗ್ರಹವೇ ಇತ್ತು, ಎರಡೂವರೆ ವರ್ಷದ್ದೇ. ಆ ಲೇಖನಕ್ಕೆ ಕ್ಯಾಂಪ್‌ಬೆಲ್, ವಾಕರ್, ಯಾಂಗ್ ಹೆಸರುಗಳನ್ನೂ ಸೇರಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ. ಇಲ್ಲಿ ತುತ್ತನ್ನು ಕೆಳಗಿಟ್ಟವರು ಅವರೇ. (ಈ ನಕ್ಷತ್ರವಿರುವ ಸೆಫಿಯಸ್ ಪುಂಜವನ್ನು ನಮ್ಮ ಕನ್ನಡ ಖಗೋಳ ಪುಸ್ತಕಗಳು ಯುಧಿಷ್ಠಿರ ಎಂದು ಕರೆದಿವೆ. ಇದಕ್ಕೆ ಅರ್ಥ ಹಚ್ಚಲು ಹೋಗುವುದಿಲ್ಲ, ಮನಸ್ಸಿಗೆ ಬಂತು, ಹೇಳಿದೆ.)

ಇವರು ಹೆದರುಪುಕ್ಕಲರೋ, ಎಚ್ಚರಿಕೆಯವರೋ? ಫಲ ಗೊತ್ತಾದ ಮೇಲೆ ತೀರ್ಪು ಕೊಡುವುದು ಬಲು ಸುಲಭ. 1992ರಲ್ಲಿ ಅವರ ಮೇಜಿನ ಮೇಲಿದ್ದ ಕಾಗದಗಳನ್ನಷ್ಟೇ ಇಟ್ಟುಕೊಂಡು ಹೇಳುವುದಾದರೆ ಅವರು ಮಾಡಿದ್ದು ಸರಿ, ನಾನಾದರೂ ಅದನ್ನೇ ಮಾಡಿ ಎನ್ನುತ್ತಿದ್ದೆ. ಸರಿಯಾದದ್ದನ್ನು ಮಾಡಿ ಸೋತರು. ಈ ಸೋಲಿಗೆ ಯಾವ ಸಮಾಧಾನವನ್ನೂ ಜೋಡಿಸಬಾರದು ಎನ್ನಿಸುತ್ತದೆ. ಕೊನೆಗೆ ಸತ್ಯ ಗೆದ್ದಿತಲ್ಲ ಎಂದರೆ, ಗೆದ್ದಿತು ನಿಜ, ಆದರೆ ಕ್ಯಾಂಪ್‌ಬೆಲ್ಲರ ಆಯುಸ್ಸಿನ ನಡುವಿನ ಆ ವರ್ಷಗಳನ್ನು ಅದೇನೂ ಹಿಂದಿರುಗಿಸಲಿಲ್ಲ. ನಮ್ಮಲ್ಲಿ ಕಚೇರಿ ಕಡತಕ್ಕೆ ಸುಳ್ಳು ಸಹಿ ಹಾಕದೆ ಬಡ್ತಿ ಕಳಕೊಂಡ ಗುಮಾಸ್ತರೂ ಇದ್ದಾರೆ. ಅವರಿಗೂ ನಾವು ಮೇಲೊಬ್ಬ ನೋಡುತ್ತಾನೆ ಎಂದು ಹೇಳಿ ನಮ್ಮ ಪಾಲಿನ ಮುಜುಗರ ಕಳೆದುಕೊಳ್ಳುತ್ತೇವೆ.

ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಗೆದ್ದವರು, ಅವರ ಬಗ್ಗೆ ಎಲ್ಲರೂ ಬರೆದಿದ್ದಾರೆ. ದಕ್ಷಿಣ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕ, ಅದಕ್ಕೆ ಜೋಡಿಸಿದ ಎಲೋಡಿ ಎಂಬ ರೋಹಿತಮಾಪಕ, ಪೆಗಾಸಸ್ ಪುಂಜದ 51ನೇ ನಕ್ಷತ್ರ, 4.2 ದಿನಕ್ಕೊಂದು ಸುತ್ತು. 1995ರ ಅಕ್ಟೋಬರ್ 6ರಂದು ಫ್ಲಾರೆನ್ಸಿನಲ್ಲಿ ಘೋಷಣೆ, 2019ರಲ್ಲಿ ನೊಬೆಲ್. ನನಗೆ ಇಷ್ಟವಾಗುವುದು ನಡುವಿನ ಕೆಲವು ತಿಂಗಳು. ಆಗಿನ್ನೂ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಕೆಲೋಗೆ ಮೊದಲು ಅಲೆ ಕಂಡಾಗ ಹುಟ್ಟಿದ್ದು ಹಿಗ್ಗಲ್ಲ, ಗಾಬರಿ. ಸಾಫ್ಟ್‌ವೇರ್ ಬರೆದವರು ಅವರೇ, ತಪ್ಪಿದ್ದರೆ ತಮ್ಮದೇ. ಗುರುವಿನಂಥ ದೈತ್ಯ ನಾಲ್ಕು ದಿನಕ್ಕೆ ಸುತ್ತುವುದೆಂದರೆ ಆಗಿನ ಎಲ್ಲ ತಿಳಿವಳಿಕೆಗೂ ವಿರುದ್ಧ. ನಕ್ಷತ್ರ ಸೂರ್ಯನ ಬೆನ್ನಿಗೆ ಮರೆಯಾಯಿತು. ಮತ್ತೆ ಮೂಡುವವರೆಗೆ ಬಾಯಿ ಬಿಡಲಿಲ್ಲ. ಜುಲೈನಲ್ಲಿ ಮೂಡಿದಾಗ ಇಂಥ ರಾತ್ರಿ ಇಂಥ ವೇಗ ಇರಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟು, ಆಮೇಲೆ ದೂರದರ್ಶಕ ತಿರುಗಿಸಿದರು. ತಾಳೆಯಾಯಿತು.

ಅಂಥ ಗ್ರಹ ಇರಬಾರದೆಂದೇನೂ ಇಲ್ಲ ಎಂದು 1952ರಷ್ಟು ಹಿಂದೆಯೇ ಆಟೊ ಸ್ಟ್ರೂವ್ ಒಂದು ಪುಟ್ಟ ಲೇಖನ ಬರೆದಿದ್ದರು: ನಕ್ಷತ್ರಕ್ಕೆ ಅಂಟಿಕೊಂಡಂತೆ ತಿರುಗುವ ದೈತ್ಯಗ್ರಹವಿದ್ದರೆ ಅಲುಗಾಟದಿಂದಲೋ, ಅದು ಅಡ್ಡ ಹಾಯುವಾಗ ಬೆಳಕು ಮಂಕಾಗುವುದರಿಂದಲೋ ಹಿಡಿಯಬಹುದು ಎಂದು. ಯಾರೂ ಕಿವಿಗೊಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದಿಂದ ಗ್ರಹ ಹುಡುಕುತ್ತಿದ್ದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ಕೂಡ ಗುರುವಿನಂತೆ ನಿಧಾನವಾಗಿ ಸುತ್ತುವ ಗ್ರಹಗಳನ್ನೇ ನಿರೀಕ್ಷಿಸುತ್ತಿದ್ದರು. ಸ್ವಿಸ್ ಸುದ್ದಿ ಕೇಳಿ ಕೆಲವೇ ದಿನಗಳಲ್ಲಿ 51 ಪೆಗಾಸಿಯನ್ನು ತಾವೂ ನೋಡಿ, ಹೌದು ಎಂದರು. ಎದುರಾಳಿಯ ಗೆಲುವಿಗೆ ಮೊದಲ ಸಾಕ್ಷಿ ಹೇಳಿದ ಆ ಔದಾರ್ಯವನ್ನು ಆಗ ಎಲ್ಲರೂ ಹೊಗಳಿದರು. ಅದೇ ಮಾರ್ಸಿ 2015ರಲ್ಲಿ ಬರ್ಕ್‌ಲಿಯ ಹುದ್ದೆ ಬಿಟ್ಟರು. ಲೈಂಗಿಕ ಕಿರುಕುಳದ ಬಗೆಗಿನ ನೀತಿಯನ್ನು ಅವರು ಮುರಿದಿದ್ದಾರೆಂದು ವಿಶ್ವವಿದ್ಯಾಲಯದ ತನಿಖೆ ಕಂಡುಕೊಂಡದ್ದು ಬಯಲಾಗಿತ್ತು. 2021ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯತ್ವದಿಂದ ತೆಗೆಯಿತು. ಅಂಕಿಗಳ ಮುಂದೆ ಕೈಕಟ್ಟಿ ನಿಲ್ಲುವ ವಿನಯ ಮನುಷ್ಯರ ಮುಂದೆಯೂ ತಾನಾಗಿ ಬರುತ್ತದೆ ಎಂದು ನಂಬಿದ್ದವರಿಗೆ ಈ ಕತೆ ಕಹಿ.

ಹಿಂದೆ ಸರಿಯುವ ಸರದಿ ಅನುಮಾನಿಸಿದವರಿಗೂ ಬರುತ್ತದೆ. ಕೆನಡಾದ ಡೇವಿಡ್ ಗ್ರೇ 1997ರಲ್ಲಿ, 51 ಪೆಗಾಸಿಯಲ್ಲಿ ಗ್ರಹವಿಲ್ಲ, ನಕ್ಷತ್ರವೇ ಮಿಡಿಯುತ್ತಿದೆ ಎಂದು ನೇಚರ್‌ನಲ್ಲಿ ಬರೆದರು. ಮರುವರ್ಷ ಹೊಸ ಅಳತೆಗಳು ತಮ್ಮ ವಾದಕ್ಕೆ ಒಗ್ಗದಿದ್ದಾಗ ಅದೇ ಪತ್ರಿಕೆಯಲ್ಲಿ ಅದನ್ನು ಹಿಂದಕ್ಕೆ ಪಡೆದರು. ಇದಕ್ಕೆ ಯಾವ ಸಭೆಯೂ ಎದ್ದು ನಿಂತದ್ದು ನಾನು ಓದಿಲ್ಲ.

ನಮ್ಮಂಥ ಓದುಗರ ಪಾತ್ರವೂ ಇದರಲ್ಲಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ನಾವು. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಗಾಳಿಯಲ್ಲಿ, ಭೂಮಿಯ ಮೇಲೆ ಸಮುದ್ರಜೀವಿಗಳು ಹೊರಬಿಡುವ ಒಂದು ರಾಸಾಯನಿಕದ ಸುಳಿವಿದೆ ಎಂದರು. ಸುಳಿವಿನ ಬಲ ವಿಜ್ಞಾನಿಗಳು ಶೋಧ ಎಂದು ಕರೆಯಲು ಕೇಳುವ ಮಟ್ಟಕ್ಕಿಂತ ಕೆಳಗೇ ಇದೆ ಎಂಬುದನ್ನು ಅವರೇ ಹೇಳಿದ್ದರು. ನಮ್ಮ ಮೊಬೈಲಿಗೆ ಬಂದು ಮುಟ್ಟುವ ಹೊತ್ತಿಗೆ ಅದು ಅನ್ಯಗ್ರಹದಲ್ಲಿ ಜೀವ ಪತ್ತೆಯಾಗಿತ್ತು. ಬೇರೆ ತಂಡಗಳು ಅದೇ ಅಂಕಿಗಳನ್ನು ಮತ್ತೆ ಜಾಲಾಡಿ ಆಧಾರ ಸಾಲದು ಎಂದಾಗ ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಇದೇ ಆತುರ ಇನ್ನೊಂದು ಕಡೆಯೂ ಕಾಡುತ್ತದೆ. ಬರ್ನಾರ್ಡನ ತಾರೆಗೂ ಈಗ ನಿಜವಾದ ಗ್ರಹಗಳು ಸಿಕ್ಕಿವೆ, 2024ರಲ್ಲಿ ಒಂದು, 2025ರಲ್ಲಿ ಒಟ್ಟು ನಾಲ್ಕು. ವಾನ್ ಡಿ ಕ್ಯಾಂಪ್ ಗೆದ್ದರು ಎನ್ನಲು ನಾಲಿಗೆ ತುರಿಸುತ್ತದೆ. ಆದರೆ ಇವು ಭೂಮಿಗಿಂತ ಸಣ್ಣವು, ಕೆಲವೇ ದಿನಕ್ಕೆ ಸುತ್ತು ಮುಗಿಸುವಂಥವು. ಅವರ ಫಲಕಗಳಲ್ಲಿ ಇವು ಕಾಣುವ ಪ್ರಶ್ನೆಯೇ ಇರಲಿಲ್ಲ. ಅವರು 1995ರ ಮೇ ತಿಂಗಳಲ್ಲಿ, ಫ್ಲಾರೆನ್ಸಿನ ಘೋಷಣೆಗೆ ಐದು ತಿಂಗಳು ಮುಂಚೆ ತೀರಿಕೊಂಡರು.

2012ರಲ್ಲಿ ಶಾವಿಯೆ ದುಮುಸ್ಕ್ ಎಂಬ ತರುಣ ಸ್ವಿಸ್ ಖಗೋಳಜ್ಞ, ನಮಗೆ ಅತಿ ಹತ್ತಿರದ ಆಲ್ಫಾ ಸೆಂಟಾರಿಯ ಜೋಡಿಯಲ್ಲಿ ಒಂದಕ್ಕೆ ಭೂಮಿಯಷ್ಟೇ ತೂಕದ ಗ್ರಹವಿದೆ ಎಂದು ಪ್ರಕಟಿಸಿದರು. ಅಲುಗಾಟ ಸೆಕೆಂಡಿಗೆ ಅರ್ಧ ಮೀಟರ್, ಅಂಬೆಗಾಲಿಡುವ ಮಗುವಿನ ವೇಗ. 2015ರಲ್ಲಿ ಆಕ್ಸ್‌ಫರ್ಡ್‌ನ ವಿನೇಶ್ ರಾಜ್‌ಪಾಲ್ ಮತ್ತು ಜೊತೆಗಾರರು ಒಂದು ಪರೀಕ್ಷೆ ಮಾಡಿದರು. ಗ್ರಹವೇ ಇಲ್ಲದ ನಕ್ಷತ್ರವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ದುಮುಸ್ಕ್ ತಂಡ ಯಾವ ಯಾವ ರಾತ್ರಿ ನೋಡಿತ್ತೋ ಆ ರಾತ್ರಿಗಳಲ್ಲಿ ಮಾತ್ರ ಅದನ್ನು ನೋಡಿದಂತೆ ಲೆಕ್ಕ ತೆಗೆದರು. ಅದೇ ಗ್ರಹ ಎದ್ದು ಬಂತು. ನಕ್ಷತ್ರದ ಗದ್ದಲ ಮತ್ತು ಬಿಟ್ಟುಹೋದ ರಾತ್ರಿಗಳ ಅಂತರ, ಇವೆರಡು ಸೇರಿ ಹೆತ್ತ ಕೂಸು ಅದು. ದುಮುಸ್ಕ್ ಜಗಳಕ್ಕೆ ಬೀಳಲಿಲ್ಲ, ಒಳ್ಳೆಯ ಕೆಲಸ ಎಂದೇ ಒಪ್ಪಿಕೊಂಡರು.

ಅದೇ 2015ರಲ್ಲಿ ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ, ಗೆಲಿಲಿಯೊ ಹೆಸರಿನ ದೊಡ್ಡ ದೂರದರ್ಶಕದ ಕಟ್ಟಡಕ್ಕೆ ದುಮುಸ್ಕ್ ಮತ್ತವರ ಸಹೋದ್ಯೋಗಿಗಳು ಒಂದು ಪುಟ್ಟ ದೂರದರ್ಶಕ ಜೋಡಿಸಿದರು. ಮಸೂರ ಮೂರೇ ಇಂಚು, ಮೇಲೆ ಪಾರದರ್ಶಕ ಗುಮ್ಮಟ. ಅದು ಹಗಲಿಡೀ ಸೂರ್ಯನನ್ನು ನೋಡುತ್ತದೆ. ಇಡೀ ಬಿಂಬದ ಬೆಳಕನ್ನು ಕಲಸಿ, ದೂರದ ನಕ್ಷತ್ರದಂತೆ ಒಂದೇ ಚುಕ್ಕೆ ಮಾಡಿ, ರಾತ್ರಿ ಹೊರಗ್ರಹ ಹುಡುಕುವ ಅದೇ ರೋಹಿತಮಾಪಕಕ್ಕೆ ಬೆಳಕು ಸಾಗಿಸುವ ಎಳೆಯೊಂದರ ಮೂಲಕ ಕಳಿಸುತ್ತದೆ. ಸೂರ್ಯನ ಕಲೆಗಳು ನಮಗೆ ಕಾಣುತ್ತವೆ, ಗ್ರಹಗಳು ಎಷ್ಟಿವೆ, ಎಲ್ಲೆಲ್ಲಿವೆ ಎಂಬುದೂ ಗೊತ್ತು. ಏನೂ ಗೊತ್ತಿಲ್ಲದವರಂತೆ ನೋಡಿ, ಸೂರ್ಯನ ಕುದಿತದ ಗದ್ದಲದಲ್ಲಿ ಶುಕ್ರಗ್ರಹದ ಎಳೆತವನ್ನು ಹೆಕ್ಕಿ ತೆಗೆಯಬಲ್ಲೆವೇ ಎಂದು ತಮ್ಮನ್ನೇ ಪರೀಕ್ಷೆಗೆ ಕೂರಿಸಿಕೊಂಡ ಏರ್ಪಾಡು ಇದು. ಶುಕ್ರ ಅಲ್ಲಿದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಪರೀಕ್ಷೆ ಇರುವುದು ಲೆಕ್ಕ ಹಾಕುವವರಿಗೆ.